ಇವರು ಬಲಗಡೆ ಯಾಕೆ ನೋಡುತ್ತಾರೆ

ಯಾಕೆ ಎಂದು ಕೇಳುವುದೇ ನನ್ನ ಕೆಲಸ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಔಷಧಿ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಮಾತ್ರೆ ತಯಾರಿಸುವಾಗ ಎಲ್ಲಾದರೂ ಎಡವಟ್ಟಾದರೆ ಅದರ ಕಡತ ನನ್ನ ಮೇಜಿಗೆ ಬರುತ್ತದೆ. ಯಂತ್ರ ನಿಂತಿತು. ಯಾಕೆ? ಬಿಸಿಯಾಗಿತ್ತು. ಯಾಕೆ? ಎಣ್ಣೆ ಬಿಟ್ಟಿರಲಿಲ್ಲ. ಯಾಕೆ? ಹೀಗೆ ಐದು ಸಲ ಕೇಳಬೇಕೆಂಬುದು ನಮ್ಮಲ್ಲಿನ ಪದ್ಧತಿ. ಮೊದಲ ಉತ್ತರ ಪೂರ್ತಿ ನಿಜವಾಗಿರುವುದಿಲ್ಲ ಎಂದು ಹೊಸದಾಗಿ ಸೇರಿದವರಿಗೆ ನಾನೇ ಪಾಠ ಹೇಳುತ್ತೇನೆ. ಅಂಥ ನಾನು ಮನೆಯಲ್ಲಿ ಕಣ್ಣೆದುರಿಗೇ ಇದ್ದ ಒಂದು ಪ್ರಶ್ನೆಯನ್ನು ಇಪ್ಪತ್ತೊಂಬತ್ತು ವರ್ಷ ಸರಿಯಾಗಿ ಕೇಳಿರಲೇ ಇಲ್ಲ.

ನಮ್ಮನೆಯವರ ಹತ್ತಿರ ಒಂದು ಹಳೆಯ ಕ್ರಿಕೆಟ್ ಚೆಂಡಿದೆ. ಮೈಸೂರಿನಿಂದ ಬಂದದ್ದು. ಕೆಂಪು ಬಣ್ಣ ಹೋಗಿ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದೆ. ನಾಲ್ಕು ಮನೆ ಬದಲಾಯಿಸಿದೆವು, ನನ್ನ ಒಳ್ಳೊಳ್ಳೆಯ ಪಾತ್ರೆಗಳೇ ಎಲ್ಲೋ ಕಳೆದುಹೋದವು, ಆ ಚೆಂಡು ಮಾತ್ರ ಪ್ರತಿ ಮನೆಯಲ್ಲೂ ಇವರ ಮೇಜಿನ ಮೊದಲ ಡ್ರಾಯರಿನಲ್ಲಿ ಪ್ರತ್ಯಕ್ಷವಾಗುತ್ತಿತ್ತು. ಆದರೆ ಈ ಮನುಷ್ಯ ಒಂದು ದಿನವೂ ಬೌಲಿಂಗ್ ಮಾಡಿದ್ದನ್ನು ನಾನು ಕಂಡಿಲ್ಲ. ವಾರಾಂತ್ಯದಲ್ಲಿ ಇಲ್ಲಿನ ಕನ್ನಡದ ಹುಡುಗರು ಆಡುವ ಕ್ರಿಕೆಟ್ಟಿಗೆ ತಪ್ಪದೆ ಹೋಗುತ್ತಾರೆ, ಸ್ಕೋರು ಬರೆಯುತ್ತಾರೆ, ನೀರಿನ ಬಾಟಲಿ ಹಂಚುತ್ತಾರೆ. "ಅಂಕಲ್, ಒಂದು ಓವರ್ ಹಾಕಿ" ಎಂದರೆ "ಭುಜ ನೋವು ಕಣಪ್ಪ" ಅನ್ನುತ್ತಾರೆ. ಭುಜ ನೋವು ಅನ್ನುವವರು ಇಪ್ಪತ್ತು ಕೇಜಿ ಅಕ್ಕಿ ಮೂಟೆಯನ್ನು ಕಾರಿನಿಂದ ಒಂದೇ ಕೈಯಲ್ಲಿ ಎತ್ತಿ ತರುತ್ತಿದ್ದರು. ನಾನು ಅದನ್ನೂ ಯೋಚಿಸಲಿಲ್ಲ ನೋಡಿ.

ಕೊರೋನಾದ ಎರಡನೆಯ ವರ್ಷ ಇಬ್ಬರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದೆವು. ಇವರು ಮೀಟಿಂಗಿನಲ್ಲಿ ಕೂತು ಮೇಜಿನ ಕೆಳಗೆ ಆ ಚೆಂಡನ್ನು ಬೆರಳಿನಿಂದ ಬೆರಳಿಗೆ ತಿರುಗಿಸುತ್ತಿದ್ದರು. ಕೈತಪ್ಪಿ ಮರದ ನೆಲದ ಮೇಲೆ ಬಿದ್ದಾಗಲೆಲ್ಲ ಢಬ್ ಎಂದು ಸದ್ದು. "ರೀ, ಆ ಚೆಂಡನ್ನ ಒಂದಿನ ಸಾರಿಗೆ ಹಾಕಿ ಬೇಯಿಸಿಬಿಡ್ತೀನಿ" ಎಂದು ಅಡುಗೆಮನೆಯಿಂದ ಕೂಗುತ್ತಿದ್ದೆ. ಆ ಕಡೆಯಿಂದ ಇನ್ನೊಂದು ಢಬ್. ಮಾತು ಬೆಳ್ಳಿ, ಮೌನ ಬಂಗಾರ ಅನ್ನುವುದು ನಿಜವಾಗಿದ್ದರೆ ನಮ್ಮ ಮನೆಯಲ್ಲಿ ಬಂಗಾರದ ಗಣಿಯೇ ಇದೆ.

ನಮ್ಮ ಬೇಲಿಯ ಆಚೆ ಮನೆಯವರು ನಿವೃತ್ತ ಪೋಸ್ಟ್‌ಮ್ಯಾನ್. ಈ ಊರಿನಲ್ಲೇ ಹುಟ್ಟಿ, ಇದೇ ಬೀದಿಗಳಲ್ಲಿ ಮೂವತ್ತು ವರ್ಷ ಕಾಗದ ಹಂಚಿದವರು. ಅವರ ಎಳೆದೆಳೆದು ಆಡುವ ಕೆರೊಲಿನಾ ಇಂಗ್ಲಿಷನ್ನು ಬರೆಯಲು ನನಗೆ ಬಾರದು, ಅವರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಅವರು ಐವತ್ತು ದಾಟಿದವರ ಭಾನುವಾರದ ಬೇಸ್‌ಬಾಲ್ ತಂಡವೊಂದರ ನಾಯಕರು. ತಂಡದಲ್ಲಿ ಕ್ಯಾಚರ್, ಅಂದರೆ ಬ್ಯಾಟ್ ಮಾಡುವವನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವವರು. ಆ ವಯಸ್ಸಿನಲ್ಲಿ ಆ ಮಂಡಿಯಲ್ಲಿ ಹೇಗೆ ಕೂರುತ್ತಾರೋ ದೇವರಿಗೇ ಗೊತ್ತು.

ಒಂದು ಸಂಜೆ ಅವರು ಮೊಮ್ಮಗಳ ಜೊತೆ ಆಡುತ್ತಿದ್ದಾಗ ಚೆಂಡು ನಮ್ಮ ಟೊಮೆಟೊ ಮಡಿಗೆ ಬಂದು ಬಿತ್ತು. ಇವರು ಅಲ್ಲೇ ನೀರು ಹಾಯಿಸುತ್ತಿದ್ದವರು ಅದನ್ನು ಎತ್ತಿ, ಏನೂ ಯೋಚಿಸದೆ, ಬೇಲಿಯ ಮೇಲಿಂದ ಎಸೆದರು. ಚೆಂಡು ಪೋಸ್ಟ್‌ಮ್ಯಾನರ ಎದೆಗೆ ನೇರವಾಗಿ ಹೋಗುತ್ತಿದ್ದದ್ದು ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿದು ಕೆಳಗಿಳಿಯಿತು. ಅವರ ಗ್ಲೌಸು ಗಾಳಿಯನ್ನು ಹಿಡಿಯಿತು. ನಲವತ್ತು ವರ್ಷ ಚೆಂಡು ಹಿಡಿದ ಮನುಷ್ಯ ಬಾಯಿ ತೆರೆದು ನಿಂತುಬಿಟ್ಟರು.

"ಇನ್ನೊಂದು ಸಲ ಹಾಗೇ ಎಸೆಯಿರಿ" ಅಂದರು.

ಇವರು ಪೈಪನ್ನು ಅಲ್ಲೇ ಬಿಟ್ಟು ಮನೆಯೊಳಗೆ ಬಂದುಬಿಟ್ಟರು. ನೀರು ಹರಿಯುತ್ತಲೇ ಇತ್ತು, ನಾನು ಹೋಗಿ ನಲ್ಲಿ ನಿಲ್ಲಿಸಿದೆ.

ಪೋಸ್ಟ್‌ಮ್ಯಾನರು ಬಿಡುವ ಆಸಾಮಿಯಲ್ಲ. ಅವರ ತಂಡದ ಪಿಚರ್‌ನ ಭುಜ ಕೈಕೊಟ್ಟಿತ್ತು, ಚೆಂಡು ಎಸೆಯಲು ಒಬ್ಬರು ಬೇಕಿತ್ತು. ವಾರಕ್ಕೊಮ್ಮೆ ಬೇಲಿಯ ಬಳಿ ಬಂದು ನನ್ನನ್ನು ಕೇಳಿದರು. ನಾಲ್ಕನೆಯ ವಾರ ನಾನೇ ಇವರ ಪರವಾಗಿ ಹೂಂ ಅಂದುಬಿಟ್ಟೆ. "ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತೇನೇ?" ಅಂದರು ಇವರು. "ಕೇಳಿದ್ರೆ ನೀವು ಭುಜ ನೋವು ಅಂತೀರಿ. ಹೋಗ್ರೀ, ಭಾನುವಾರ ಮನೇಲಿ ಕೂತು ಫ್ಯಾನ್ ನೋಡೋ ಬದಲು ಅಲ್ಲಿ ಹೋಗಿ ಎಸೀರಿ" ಅಂದೆ. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ಇವರಿಗೆ ಐವತ್ತಾರಕ್ಕೇ ಶುರುವಾಗಲಿ ಎಂದು ನಕ್ಕೆ.

ಹೀಗೆ ನಾನೂ ಒಂದು ಮಡಚುವ ಕುರ್ಚಿ, ಒಂದು ಫ್ಲಾಸ್ಕ್ ಕಾಫಿ ಹಿಡಿದು ಮೈದಾನಕ್ಕೆ ಹೋಗತೊಡಗಿದೆ. ಆಟ ನನಗೆ ಮೊದಮೊದಲು ಒಂದಿಷ್ಟೂ ಅರ್ಥವಾಗಲಿಲ್ಲ. ಓಡಿಬಂದು ಎಸೆಯುವ ಹಾಗಿಲ್ಲ, ದಿಬ್ಬದ ಮೇಲೆ ನಿಂತಲ್ಲಿಂದಲೇ ಎಸೆಯಬೇಕು. ಚೆಂಡು ನೆಲಕ್ಕೆ ತಾಗುವ ಹಾಗಿಲ್ಲ. ನೆಲಕ್ಕೇ ತಾಗದ ಚೆಂಡನ್ನು ತಿರುಗಿಸುವುದಾದರೂ ಹೇಗೆ? ಮೂರು ಸಲ ತಪ್ಪಿದರೆ, ಸರಿಯಾದ ಚೆಂಡಿಗೆ ಬೀಸದೆ ನಿಂತರೂ ತಪ್ಪಿದ ಲೆಕ್ಕವೇ, ಬ್ಯಾಟ್ ಹಿಡಿದವನು ಔಟು. ಮೂವರು ಔಟಾದರೆ ಆ ತಂಡದ ಸರದಿ ಮುಗಿಯಿತು. ಇಷ್ಟು ತಿಳಿದುಕೊಳ್ಳಲು ನನಗೆ ಒಂದು ಫ್ಲಾಸ್ಕ್ ಕಾಫಿ ಬೇಕಾಯಿತು.

ಬೇಲಿಯ ಮೇಲಿಂದ ಎಸೆದಂಥ ಆ ತಿರುಗುವ ಚೆಂಡು ಮಾತ್ರ ಮೈದಾನದಲ್ಲಿ ಬರಲೇ ಇಲ್ಲ. ಇವರು ದಿಬ್ಬದ ಮೇಲೆ ನಿಂತು ತೋಳನ್ನು ಆದಷ್ಟೂ ಕೋಲಿನ ಹಾಗೆ ಸೆಟೆಸಿ, ತಲೆಯ ಮೇಲಿಂದ ಸುತ್ತಿ ಬಿಡುತ್ತಿದ್ದರು. ಎದುರಾಳಿಗಳು ಮನಸೋ ಇಚ್ಛೆ ಬಾರಿಸಿದರು. "ಮೊಣಕೈ ಮಡಚು ಮಹಾರಾಯ! ನಿನ್ನ ತೋಳೇನು ಧ್ವಜಸ್ತಂಭವಾ?" ಎಂದು ಪೋಸ್ಟ್‌ಮ್ಯಾನರು ಕೂಗುತ್ತಿದ್ದರು. ಇವರು ತಲೆಯಾಡಿಸುತ್ತಿದ್ದರು, ಮತ್ತೆ ಅದೇ ಕೋಲು.

ಇನ್ನೊಂದು ವಿಚಿತ್ರವನ್ನು ನಾನು ಎರಡನೆಯ ವಾರ ಗಮನಿಸಿದೆ. ಎಸೆದ ಚೆಂಡು ಎಲ್ಲಿ ಹೋಯಿತೆಂದು ಲೋಕದಲ್ಲಿ ಯಾರೇ ಆದರೂ ನೋಡುತ್ತಾರೆ, ಇವರು ನೋಡುತ್ತಿರಲಿಲ್ಲ. ಪ್ರತಿ ಸಲವೂ ಚೆಂಡು ಬಿಟ್ಟ ಕೂಡಲೇ ತಲೆ ಬಲಗಡೆಗೆ ತಿರುಗುತ್ತಿತ್ತು. ಅಲ್ಲಿ ಏನಿದೆ? ಥರ್ಡ್ ಬೇಸ್, ಅಂದರೆ ಓಡುವವರು ಮುಟ್ಟಬೇಕಾದ ಮೂರನೆಯ ಮೂಲೆ ಇದೆ, ಅದನ್ನು ಕಾಯುತ್ತ ನಿಂತ ನಮ್ಮದೇ ತಂಡದ ಒಬ್ಬ ಡೊಳ್ಳುಹೊಟ್ಟೆಯ ದಂತವೈದ್ಯರಿದ್ದಾರೆ. ಅಷ್ಟೆ. ಆ ಪಾಪದ ಮನುಷ್ಯ, ಇವರು ತನಗೇನೋ ಸನ್ನೆ ಮಾಡುತ್ತಿದ್ದಾರೆಂದು ತಿಳಿದು ಒಂದು ಹೆಜ್ಜೆ ಮುಂದೆ ಬರುವರು, ಇನ್ನೊಂದು ಸಲ ಒಂದು ಹೆಜ್ಜೆ ಹಿಂದೆ ಹೋಗುವರು. ಆಟ ಮುಗಿದ ಮೇಲೆ ನನ್ನ ಬಳಿ ಬಂದು, "ನಿಮ್ಮ ಯಜಮಾನರಿಗೆ ನನ್ನ ಮೇಲೆ ಏನಾದರೂ ಕೋಪವಾ?" ಎಂದು ಕೇಳಿದರು.

ಕಾರಿನಲ್ಲಿ ಕೇಳಿದೆ. "ರೀ, ಬಲಗಡೆ ಯಾಕೆ ನೋಡ್ತೀರಿ?"

"ಅಭ್ಯಾಸ."

ಎಂಥ ಅಭ್ಯಾಸ? ಮದುವೆಯಾದಾಗಿನಿಂದ ಚೆಂಡೇ ಎಸೆಯದವರಿಗೆ ಎಸೆದ ಮೇಲೆ ನೋಡುವ ಅಭ್ಯಾಸ ಎಲ್ಲಿಂದ ಬರುತ್ತದೆ? ಮೊದಲ ಉತ್ತರ ಪೂರ್ತಿ ನಿಜವಾಗಿರುವುದಿಲ್ಲ. ನನ್ನ ತಲೆಯೊಳಗೆ ಒಂದು ಕಡತ ತೆರೆದುಕೊಂಡಿತು.

ಮುಂದಿನ ವರ್ಷ, ಯುಗಾದಿಗೆ ಸ್ವಲ್ಪ ಮೊದಲು, ಒಂದು ಭಾನುವಾರ ಅದೃಷ್ಟ ಖುಲಾಯಿಸಿತು. ಇವರಿಗೆ ಸಣ್ಣ ಜ್ವರ, ಆದರೂ ಬಂದಿದ್ದರು. ಸೆಟೆದು ನಿಲ್ಲಲು ಶಕ್ತಿಯಿರಲಿಲ್ಲವೋ ಏನೋ, ತೋಳು ತಾನಾಗಿ ಸಡಿಲವಾಯಿತು, ಮೊಣಕೈ ಮಡಚಿತು, ಮಣಿಕಟ್ಟು ತಿರುಗಿತು, ಟೊಮೆಟೊ ಮಡಿಯ ಚೆಂಡು ಬಂತು. ಸಾಲಾಗಿ ಮೂವರು ಔಟ್. ಕೊನೆಯವನು ಬ್ಯಾಟ್ ಬೀಸಿದ ರಭಸಕ್ಕೆ ತಾನೇ ಒಂದು ಸುತ್ತು ತಿರುಗಿ ಕೂತುಬಿಟ್ಟ. "ಅಡ್ರೆಸ್ ತಪ್ಪಿದ ಕಾಗದದ ಹಾಗೆ ಬರುತ್ತೆ ಈ ಚೆಂಡು, ಯಾರ ಮನೆಗೆ ಹೋಗುತ್ತೋ ಗೊತ್ತಾಗಲ್ಲ" ಎಂದು ಪೋಸ್ಟ್‌ಮ್ಯಾನರು ಕುಣಿದರು. ನಾನು ಅಷ್ಟನ್ನೂ ಫೋನಿನಲ್ಲಿ ವಿಡಿಯೋ ತೆಗೆದೆ. ಐವತ್ತೇಳರ ಹತ್ತಿರದ ಗಂಡನ ಬಗ್ಗೆ ಹೊಸದಾಗಿ ಹೆಮ್ಮೆಪಡುವುದು ಎಷ್ಟು ಚೆನ್ನಾಗಿರುತ್ತದೆಂದು ನನಗೆ ಅವತ್ತು ತಿಳಿಯಿತು.

ಆ ಹೆಮ್ಮೆಯೇ ಎಡವಟ್ಟು ಮಾಡಿತು. ಯುಗಾದಿಗೆ ಕನ್ನಡದವರೆಲ್ಲ ಒಂದು ಶಾಲೆಯ ಹಾಲಿನಲ್ಲಿ ಸೇರಿದ್ದೆವು. ಹೋಳಿಗೆ ಊಟ ನಡೆದಿತ್ತು. ನಮ್ಮ ಕ್ರಿಕೆಟ್ ಹುಡುಗರು ಸಾಲಾಗಿ ಕೂತಿದ್ದರು. ಬಾಯಿ ಮುಚ್ಚಿಕೊಂಡು ಇರುವ ಜಾಯಮಾನ ನನ್ನದಲ್ಲ, "ನೋಡ್ರೋ ನಿಮ್ಮ ಅಂಕಲ್ ಕೈಚಳಕ" ಎಂದು ಫೋನು ಹಿಡಿದೆ. ಅವರು ನೋಡಿದರು. ಬೇಸ್‌ಬಾಲ್ ಕಣ್ಣಿನಿಂದ ಅಲ್ಲ, ಕ್ರಿಕೆಟ್ ಕಣ್ಣಿನಿಂದ. ಕ್ರಿಕೆಟ್ಟಿನಲ್ಲಿ ಮೊಣಕೈ ಮಡಚಿ ಎಸೆದರೆ ಅದು ಬೌಲಿಂಗ್ ಅಲ್ಲ, ಥ್ರೋ.

"ಆಂಟಿ, ಇದು ಪಕ್ಕಾ ಥ್ರೋ! ಅಂಕಲ್ ಮೊಣಕೈ ನೋಡ್ರೋ!" ಎಂದು ಒಬ್ಬ ನಕ್ಕ. ಇನ್ನೊಬ್ಬ ಎದ್ದು ನಿಂತು ಬಲಗೈಯನ್ನು ಭುಜದ ಮಟ್ಟಕ್ಕೆ ಪಕ್ಕಕ್ಕೆ ಚಾಚಿ, ಅಂಪೈರ್ ಹಾಗೆ, "ನೋಬಾಲ್!" ಎಂದು ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗಲೂ ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕೆನಿಸುತ್ತದೆ.

ಇವರು ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದು ಹೋದರು. ನಾನು ಹೊರಗೆ ಬಂದಾಗ ಕಾರಿನಲ್ಲಿ ಕೂತಿದ್ದರು. ಮರುದಿನ ಭಾನುವಾರ, ಮೈದಾನಕ್ಕೆ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಪೋಸ್ಟ್‌ಮ್ಯಾನರು ಬಂದು ಬಾಗಿಲು ತಟ್ಟಿದರೆ "ಭುಜ ನೋವು" ಅಂದರು.

ಪೋಸ್ಟ್‌ಮ್ಯಾನರು ನನ್ನನ್ನು ಹೊರಗೆ ಕರೆದು ಹೇಳಿದರು. ಬೇಸಿಗೆ ಕಳೆದ ಮೇಲೆ ಅಟ್ಲಾಂಟಾದಲ್ಲಿ ಪಂದ್ಯಾವಳಿ ಇದೆ. ಅದಾದ ಮೇಲೆ ಅವರ ಎರಡೂ ಮಂಡಿಗೆ ಆಪರೇಷನ್, ಮತ್ತೆ ಕುಕ್ಕರಗಾಲಿನಲ್ಲಿ ಕೂರುವ ಹಾಗಿಲ್ಲ. "ಅವರ ಆ ಚೆಂಡನ್ನು ಒಂದು ದೊಡ್ಡ ಆಟದಲ್ಲಿ ಹಿಡಿದು ಮುಗಿಸಬೇಕು ಅಂತಿತ್ತು ನನಗೆ" ಅಂದರು. ಅವರ ಕಣ್ಣು ತೇವವಾಗಿತ್ತು. ನನಗೂ ಅಳು ಬಂತು, ಕಾರಣ ಮಾತ್ರ ಬೇರೆ. ಇವರೊಳಗೆ ಏನು ಮುರಿದಿದೆಯೋ ಅದನ್ನು ಇನ್ನಷ್ಟು ಮುರಿದವಳು ನಾನು ಅನ್ನುವುದಷ್ಟೇ ನನಗೆ ಗೊತ್ತಿತ್ತು. ಏನು ಎಂದು ಗೊತ್ತಿರಲಿಲ್ಲ.

ಆ ಸಂಜೆ ಅವರೆಕಾಳು ಹಿದುಕಲು ಇಬ್ಬರೂ ಅಡುಗೆಮನೆಯ ಮೇಜಿಗೆ ಕೂತೆವು. ಫ್ರೀಜರಿನ ಅವರೆಕಾಳು, ನೆನೆಸಿಟ್ಟದ್ದು. ಕೈಗೆ ಕೆಲಸವಿದ್ದರೆ ಇವರ ಬಾಯಿಂದ ನಾಲ್ಕು ಮಾತು ಹೆಚ್ಚು ಬರುತ್ತದೆ, ಅದು ನನಗೆ ಗೊತ್ತು.

"ಆಟ ಯಾಕೆ ಬಿಟ್ರಿ?" ಅಂದೆ.

"ಹುಡುಗರು ನಕ್ಕರಲ್ಲ."

"ಅವರು ನಕ್ಕಿದ್ದು ಕ್ರಿಕೆಟ್ ಲೆಕ್ಕದಲ್ಲಿ. ಅದಕ್ಕೆ ನೀವ್ಯಾಕೆ ಮುಖ ಸಣ್ಣ ಮಾಡ್ಕೋಬೇಕು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ, ಹಾಗಾಯ್ತು."

ಇವರ ಕೈ ನಿಂತಿತು. "ಕದೀದೇ ಇರೋನೂ ಮುಟ್ಟಿ ನೋಡ್ಕೋತಾನೆ ಕಣೇ. ಎಲ್ಲರೂ ಅವನ ಹೆಗಲನ್ನೇ ನೋಡ್ತಾ ನಿಂತಾಗ."

ನಾನು ಮೂರನೆಯ ಯಾಕೆಯನ್ನು ಬಾಯಲ್ಲೇ ನುಂಗಿಕೊಂಡೆ. ಕೇಳುವುದು ಬೇಕಾಗಲಿಲ್ಲ, ಇವರೇ ಹೇಳತೊಡಗಿದರು.

ಮೈಸೂರಿನಲ್ಲಿ, ಕಾಲೇಜುಗಳ ನಡುವಿನ ಫೈನಲ್ ಪಂದ್ಯ. ಇವರಿಗೆ ಹತ್ತೊಂಬತ್ತು. ಇಡೀ ವರ್ಷ ಇವರ ಸ್ಪಿನ್ ಬೌಲಿಂಗಿನಿಂದಲೇ ತಂಡ ಅಲ್ಲಿಯವರೆಗೆ ಬಂದಿತ್ತು. ಮೊದಲ ಚೆಂಡು ಹಾಕಿದರು. ಬಲಗಡೆ, ಸ್ಕ್ವೇರ್ ಲೆಗ್ಗಿನಲ್ಲಿ ನಿಂತಿದ್ದ ಅಂಪೈರ್ ಕೈ ಚಾಚಿದರು. ನೋಬಾಲ್, ಥ್ರೋ. ಎರಡನೆಯ ಚೆಂಡು, ಮತ್ತೆ ಕೈ. ಮೂರನೆಯದು, ನಾಲ್ಕನೆಯದು. ಸುತ್ತ ಕೂತ ಹುಡುಗರೆಲ್ಲ "ಥ್ರೋ! ಥ್ರೋ!" ಎಂದು ಚಪ್ಪಾಳೆ ಹೊಡೆಯತೊಡಗಿದರು. ಆ ಓವರ್ ಮುಗಿಯಲೇ ಇಲ್ಲ. ನಾಯಕ ಬಂದು ಇವರ ಕೈಯಿಂದ ಚೆಂಡು ಕಿತ್ತುಕೊಂಡ. ತಂಡ ಸೋತಿತು. ಮೋಸಗಾರ ಎಂಬ ಹೆಸರು ಬಂತು. ಮನೆಗೆ ಬರುವಾಗ ಇವರ ಚೀಲದಲ್ಲಿ ಅಭ್ಯಾಸದ ಒಂದು ಹಳೆಯ ಚೆಂಡು ಉಳಿದಿತ್ತು.

"ನಾನು ಮೋಸ ಮಾಡ್ಲಿಲ್ಲ ಕಣೇ" ಅಂದರು. "ನೋಡಿಲ್ಲಿ."

ಶರ್ಟಿನ ತೋಳು ಮೇಲೇರಿಸಿ ಬಲಗೈಯನ್ನು ಮೇಜಿನ ಮೇಲೆ ಚಾಚಿದರು. ಕೈ ಪೂರ್ತಿ ನೆಟ್ಟಗಾಗಲಿಲ್ಲ. ಮೊಣಕೈ ಮೇಜಿಗೆ ತಾಗಿದರೂ ಮುಂಗೈ ಮೇಲೆಯೇ ನಿಂತಿತ್ತು, ಅದರ ಕೆಳಗೆ ಒಂದು ಅವರೆಕಾಳು ಆರಾಮಾಗಿ ಉರುಳಿಹೋಗುವಷ್ಟು ಜಾಗ. ಏಳನೆಯ ವಯಸ್ಸಿನಲ್ಲಿ ಸೀಬೆ ಮರದಿಂದ ಬಿದ್ದದ್ದು, ನಾಟಿ ವೈದ್ಯರು ಕಟ್ಟು ಕಟ್ಟಿದ್ದು, ಮೂಳೆ ಹಾಗೇ ಕೂಡಿಕೊಂಡದ್ದು. "ಬಗ್ಗಿದ್ದು ಬಗ್ಗಿದ ಹಾಗೇ ಇದ್ರೆ ತಪ್ಪಲ್ಲ, ಅದು ರೂಲ್ಸಲ್ಲೇ ಇದೆ. ಎಸೆಯೋವಾಗ ನೆಟ್ಟಗೆ ಮಾಡಿದ್ರೆ ತಪ್ಪು. ನನಗೆ ನೆಟ್ಟಗೆ ಮಾಡೋಕೇ ಬರಲ್ಲ. ಅವತ್ತು ಯಾರೂ ಕೇಳ್ಲಿಲ್ಲ."

ಯಾರೂ ಕೇಳಲಿಲ್ಲ. ಇಪ್ಪತ್ತೊಂಬತ್ತು ವರ್ಷ ಅದೇ ಕೈಯ ಪಕ್ಕದಲ್ಲಿ ಮಲಗಿದವಳೂ ಕೇಳಲಿಲ್ಲ. ಮದುವೆ ಫೋಟೋದಲ್ಲಿ ಕೂಡ ಆ ಕೈ ಸ್ವಲ್ಪ ಬಾಗಿದೆ, ನಾಚಿಕೆಯಿಂದ ಹಾಗೆ ನಿಂತಿದ್ದಾರೆ ಎಂದುಕೊಂಡಿದ್ದೆ. ಆ ಮೊಣಕೈಯ ಮೇಲೆ ಕೈಯಿಟ್ಟೆ. ನನಗೆ ತುಂಬ ನಾಚಿಕೆಯಾಯಿತು, ಸಿಟ್ಟೂ ಬಂತು. ಎಲ್ಲಿದ್ದಾನೋ ಆ ಅಂಪೈರ್, ಬದುಕಿದ್ದರೆ ಸಿಕ್ಕಲಿ ಎಂದು ಹಲ್ಲು ಕಡಿದೆ.

ಮಗಳು ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕಿನಲ್ಲಿದ್ದಾಳೆ. ಇವರ ಅಪ್ಪಣೆ ಪಡೆದು ಅವಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಇಲ್ಲೇ ಹುಟ್ಟಿದ ಹುಡುಗಿ, ಅವಳಿಗೆ ಕ್ರಿಕೆಟ್ಟಿನ ಗಂಧಗಾಳಿ ಇಲ್ಲ. "ಬಟ್ ಅಮ್ಮಾ, ಬೇಸ್‌ಬಾಲ್‌ನಲ್ಲಿ ಎವ್ರಿಬಡಿ ಥ್ರೋ ಮಾಡ್ತಾರೆ. ಅದೇ ಗೇಮ್. ಅಪ್ಪ ಈಸ್ ಅಲೌಡ್" ಅಂದಳು. ಫೋನು ಸ್ಪೀಕರಿನಲ್ಲಿತ್ತು. ಇವರು ಕಸದ ಚೀಲ ತೆಗೆದುಕೊಂಡು ಹೊರಗೆ ಹೋದರು. ಬೇಲಿಯ ಬಳಿ ಪೋಸ್ಟ್‌ಮ್ಯಾನರ ಜೊತೆ ಮಾತು ಕೇಳಿಸಿತು. ಅಟ್ಲಾಂಟಾಗೆ ಬರುತ್ತೇನೆ, ಆದರೆ ಸುಮ್ಮನೆ ಬೆಂಚಿನಲ್ಲಿ ಕೂರುತ್ತೇನೆ ಅಂದಿದ್ದರಂತೆ.

ಆರು ಗಂಟೆ ಕಾರಿನ ದಾರಿ. ಚಟ್ನಿಪುಡಿ ಹಚ್ಚಿದ ಇಡ್ಲಿ ಕಟ್ಟಿಕೊಂಡು ಹೋದೆವು. ಎರಡು ದಿನ ಇವರು ನಿಜಕ್ಕೂ ಬೆಂಚಿನಲ್ಲೇ ಕೂತರು. ಕೊನೆಯ ಆಟದ ಕೊನೆಯ ಇನ್ನಿಂಗ್ಸಿನಲ್ಲಿ ನಮ್ಮವರು ಒಂದೇ ಒಂದು ರನ್ನಿನಿಂದ ಮುಂದಿದ್ದರು. ಎಸೆಯುತ್ತಿದ್ದವನ ಕೈ ಸೋತುಹೋಗಿತ್ತು. ಪೋಸ್ಟ್‌ಮ್ಯಾನರು ಮುಖದ ಜಾಲರಿ ತೆಗೆದು, ಕುಂಟುತ್ತ ಬೆಂಚಿನವರೆಗೆ ನಡೆದುಬಂದು, ಚೆಂಡನ್ನು ಇವರ ಅಂಗೈಯಲ್ಲಿಟ್ಟರು. ಅವರ ನಡಿಗೆ ನೋಡಿ ಯಾರಾದರೂ ಬೇಡ ಅನ್ನಲು ಸಾಧ್ಯವಿತ್ತೇ?

ಇವರು ದಿಬ್ಬ ಹತ್ತಿದರು. ಮೊದಲ ಚೆಂಡು, ಅದೇ ಸೆಟೆದ ಕೋಲು. ತಲೆ ಬಲಗಡೆ ತಿರುಗಿತು. ಎದುರಾಳಿ ಅದನ್ನು ಬಾರಿಸಿ ಓಡಿ ಒಂದು ಬೇಸ್ ಗಳಿಸಿದ. ಇವರು ಯಾರನ್ನು ಹುಡುಕುತ್ತಿದ್ದಾರೆಂದು ಈಗ ನನಗೆ ಗೊತ್ತಿತ್ತು. ಆ ಜಾಗ ಖಾಲಿಯಿರುವ ತನಕ ಅಲ್ಲಿ ಆ ಅಂಪೈರೇ ನಿಂತಿರುತ್ತಾನೆ. ನಾನು ಎದ್ದೆ, ಕುರ್ಚಿ ಎತ್ತಿಕೊಂಡೆ, ಬೇಲಿಯ ಹೊರಗಿನಿಂದ ಸುತ್ತಿ ಓಡಿದೆ. ಐವತ್ತೈದರ ಹೆಂಗಸು ಕುರ್ಚಿ ಹೊತ್ತು ಓಡುವುದನ್ನು ಜನ ಆಟ ಬಿಟ್ಟು ನೋಡಿದರು. ನೋಡಲಿ. ಥರ್ಡ್ ಬೇಸಿನ ನೇರಕ್ಕೆ, ಜಾಲರಿಯ ಹಿಂದೆ ಕುರ್ಚಿ ಬಿಡಿಸಿ ಕೂತೆ.

ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಭಾರ ಹಾಕಿದೆ. ಮರೆತೂ ಕೈ ಏಳಬಾರದು, ಅಷ್ಟೆ.

ಎರಡನೆಯ ಚೆಂಡು. ಇವರ ತಲೆ ತಿರುಗಿತು. ಅಲ್ಲಿ ಇವರಿಗೆ ನಾನು ಕಂಡೆ. ಇವರ ಹುಬ್ಬು ಮೇಲೇರಿತು. ನಾನು ಅಲುಗಾಡಲಿಲ್ಲ. ಮೂರನೆಯ ಚೆಂಡಿಗೆ ತೋಳು ಕೊಂಚ ಸಡಿಲವಾಗಿತ್ತು. ಮತ್ತೆ ನೋಡಿದರು, ನಾನು ಇದ್ದೆ, ಕೈಗಳು ತೊಡೆಯ ಕೆಳಗೇ. ಜಾರ್ಜಿಯಾದ ಸೊಳ್ಳೆಯೊಂದು ನನ್ನ ಕೆನ್ನೆಯ ಮೇಲೆ ಕೂತು ಊಟ ಶುರು ಮಾಡಿತು. ಕುಡಿಯೇ ತಾಯಿ, ಎಷ್ಟು ಬೇಕೋ ಕುಡಿ ಅಂದುಕೊಂಡೆ. ಆಮೇಲಿನ ಚೆಂಡಿಗೆ ಮೊಣಕೈ ಪೂರ್ತಿ ಮಡಚಿತು. ಆ ಚೆಂಡು ನೇರವಾಗಿ ಹೋಗಿ, ಹೋಗಿ, ಕೊನೆಯಲ್ಲಿ ಅಡ್ರೆಸ್ ಬದಲಾಯಿಸಿತು. ಬ್ಯಾಟು ಗಾಳಿ ಹೊಡೆಯಿತು. ಒಬ್ಬ ಔಟ್, ಆಮೇಲೆ ಇನ್ನೊಬ್ಬ. ಮೂರನೆಯವನು ಎರಡು ಸಲ ತಪ್ಪಿ, ಮೂರನೆಯ ಸಲ ಬೀಸುವುದೋ ಬಿಡುವುದೋ ತಿಳಿಯದೆ ಬ್ಯಾಟು ಹೆಗಲ ಮೇಲಿಟ್ಟುಕೊಂಡೇ ನಿಂತ. ಚೆಂಡು ಪೋಸ್ಟ್‌ಮ್ಯಾನರ ಗ್ಲೌಸಿನೊಳಗೆ ಹೋಗಿ ಕೂತಿತು, ಆಟ ನಮ್ಮದಾಯಿತು. ಅವರು ಅದನ್ನು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟರು, ಎಬ್ಬಿಸಲು ಇಬ್ಬರು ಬೇಕಾದರು.

ಎಲ್ಲರ ಅಪ್ಪುಗೆಯಿಂದ ಬಿಡಿಸಿಕೊಂಡು ಇವರು ಜಾಲರಿಯ ಬಳಿ ಬಂದರು. ಟೋಪಿ ಎಲ್ಲೋ ಬಿದ್ದಿತ್ತು. ನನ್ನ ಕೈಗಳು ಜೋಮು ಹಿಡಿದು ನನ್ನವೇ ಅಲ್ಲವೇನೋ ಎನ್ನುವ ಹಾಗಾಗಿದ್ದವು.

"ನೋಡಿದ್ಯೇನೇ?" ಅಂದರು.

"ಎಲ್ಲಾ ನೋಡ್ದೆ. ನೀವೇ ನೋಡ್ಲಿಲ್ಲ. ಕೊನೇ ಇಬ್ಬರಿಗೆ ಹಾಕುವಾಗ ಒಂದು ಸಲಾನೂ ನನ್ನ ಕಡೆ ತಿರುಗಲಿಲ್ಲ" ಅಂದೆ. ದನಿಯಲ್ಲಿ ಸ್ವಲ್ಪ ಮುನಿಸೂ ಇತ್ತೇನೋ, ನಾನೇನು ಸುಳ್ಳು ಹೇಳಲಿ.

ಇವರು ದಿಬ್ಬದ ಕಡೆ ತಿರುಗಿ ನೋಡಿದರು, ಆಮೇಲೆ ನನ್ನನ್ನು, ನನ್ನ ಕುರ್ಚಿಯನ್ನು ನೋಡಿದರು.

"ಹೌದಾ?" ಅಂದರು. "ತಿರುಗಲಿಲ್ವಾ ನಾನು?"